ಸರ್ವರಿನ ಹಿಂಬಾಗಿಲು

ಐವತ್ತಮೂರು, ಎಂಬತ್ತೆಂಟು, ನೂರಾ ಮೂವತ್ತೈದು, ಮುನ್ನೂರಾ ಎಂಬತ್ತೊಂಬತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದರ ಕೆಳಗೊಂದು ಮೂಡುತ್ತಿದ್ದ ಸಂಖ್ಯೆಗಳನ್ನು ಕರುಣಾ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು. ಇಲ್ಲಿಯವರೆಗೆ ಹೊಸದೇನೂ ಇರಲಿಲ್ಲ. ವಿಂಡೋಸ್ ಡೊಮೇನ್ ಸರ್ವರ್ ಎಂದರೆ ಈ ಪೋರ್ಟ್‌ಗಳು ತೆರೆದಿರಲೇಬೇಕು.

ಅನಂತರ ಬಂದ ಸಾಲಿನ ಮೇಲೆ ಆಕೆಯ ಕಣ್ಣು ನಿಂತಿತು. ಏಳು ಸಾವಿರದ ಎಂಬತ್ತೈದು. ತೆರೆದಿದೆ.

ಕುಸುಮಾಂಬಾ ಹೆರಿಗೆ ಆಸ್ಪತ್ರೆಯ ಸಭಾಕೋಣೆಯಲ್ಲಿ ಆಕೆಯ ಎದುರು ಕುಳಿತಿದ್ದವರು ಚಿಕ್ಕಪ್ಪ ರಾಜರತ್ನ ಒಬ್ಬರೇ. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಸಣ್ಣ ಪತ್ತೇದಾರಿ ಕಚೇರಿ ತೆರೆದಿದ್ದರು. ಕಂಪನಿಗಳ ಕಂಪ್ಯೂಟರು ಜಾಲ ಎಷ್ಟು ಭದ್ರ ಎಂದು ಪರೀಕ್ಷಿಸಿಕೊಡುವುದು ಕರುಣಾಳ ಸ್ವಂತ ಕೆಲಸ. ಕಾಕಾನ ಕೈಗೆ ಕಂಪ್ಯೂಟರಿನ ಪ್ರಕರಣ ಬಂದಾಗ ಆಕೆ ಹುಬ್ಬಳ್ಳಿಯ ತನ್ನ ಕೆಲಸ ಬದಿಗಿಟ್ಟು ಬರುತ್ತಿದ್ದಳು.

ಈ ಪ್ರಕರಣವಂತೂ ಬದಿಗಿಡುವಂಥದ್ದಾಗಿರಲಿಲ್ಲ. ಹೋದ ವಾರ ಬಾಣಂತಿ ಸೃಷ್ಟಿಗೆ ಬೇರೆ ಗುಂಪಿನ ರಕ್ತ ಏರಿಸಿ ಜೀವಕ್ಕೇ ಅಪಾಯ ತಂದಿದ್ದರು. ದಾಖಲೆಯಲ್ಲಿ ‘ಓ’ ಎಂದು ಇದ್ದದ್ದನ್ನು ‘ಎ’ ಎಂದು ತಿದ್ದಿದವಳು ಲ್ಯಾಬಿನ ವಿದ್ಯಾ ಎಂದು ಆಸ್ಪತ್ರೆಯ ಕಂಪ್ಯೂಟರು ಹೇಳುತ್ತಿತ್ತು.

ಹಿರಿಯ ನರ್ಸ್ ಅಖ್ತರಬೇಗಂ ಆ ದಿನ ಸೃಷ್ಟಿಯ ನಡುಕ ನೋಡಿದ ಕೂಡಲೇ ರಕ್ತದ ನಳಿಕೆ ಕಿತ್ತು ಹಾಕಿದ್ದರಿಂದ ಹುಡುಗಿ ಉಳಿದಿದ್ದಳು. ವಿದ್ಯಾ ಮಾತ್ರ ಕೆಲಸ ಕಳೆದುಕೊಂಡು ಉಪ್ಪಿನಬೆಟಗೇರಿಯ ಮನೆಯಲ್ಲಿ ಕುಳಿತಿದ್ದಳು. ದಾಖಲೆ ತಿದ್ದಿದ ಹೊತ್ತಿಗೆ ತಾನು ಊರಿಗೆ ಹೋಗುವ ಬಸ್ಸಿನಲ್ಲಿದ್ದೆ ಎಂದು ಆಕೆ ಹೇಳಿದ್ದಳು. ಹೌದು ಎನ್ನಲು ಬಸ್ಸಿನಲ್ಲಿ ಪರಿಚಯದವರು ಒಬ್ಬರೂ ಇರಲಿಲ್ಲ. ಸಂಜೆಯೊಳಗೆ ಬೇರೆ ಪುರಾವೆ ಸಿಗದಿದ್ದರೆ ಆಕೆಯ ಮೇಲೆ ಪೊಲೀಸರಿಗೆ ದೂರು ಕೊಡುವುದಾಗಿ ನಿರ್ದೇಶಕ ಡಾ. ಫಕೀರೇಶ ತಿಳಿಸಿದ್ದರು.

ರಾಜರತ್ನ ಕನ್ನಡಕ ಸರಿಪಡಿಸಿಕೊಂಡು ಪರದೆಯತ್ತ ಬಾಗಿದರು.

“ಏನಾತವಾ? ಸುಮ್ಮನಾಗಿಬಿಟ್ಟಿ.”

“ಇರಬಾರದ ಬಾಗಲಾ ಒಂದು ತೆರದೈತಿ, ಕಾಕಾ.”

ಆಕೆ ಅವರಿಗೆ ತಿಳಿಯುವ ಹಾಗೆ ಹೇಳಿದಳು. ಆಸ್ಪತ್ರೆಯ ಯಾವ ಕಂಪ್ಯೂಟರಿನಲ್ಲಿ ಯಾರು ಕೆಲಸ ಮಾಡಬಹುದು ಎಂದು ನಿರ್ಧರಿಸುವುದು ಈ ಸರ್ವರ್. ರಕ್ತನಿಧಿಯ ದಾಖಲೆಗಳಿರುವುದೂ ಅದರಲ್ಲೇ. ಒಂದೊಂದು ಕೆಲಸಕ್ಕೆ ಅದು ಒಂದೊಂದು ಪೋರ್ಟ್ ತೆರೆದಿಟ್ಟುಕೊಂಡು ಕರೆ ಬರುವುದನ್ನು ಕಾಯುತ್ತದೆ. ಆಕೆ ಮಾಡುತ್ತಿದ್ದದ್ದು ಹೊರಗಿನಿಂದ ಅವನ್ನೆಲ್ಲ ತಟ್ಟಿ ನೋಡುವ ಕೆಲಸ. ಕಳ್ಳನೂ ಮೊದಲು ಮಾಡುವುದು ಅದನ್ನೇ. ಆಕೆಯ ಬಳಿ ಡಾಕ್ಟರರು ಸಹಿ ಮಾಡಿದ ಒಪ್ಪಿಗೆ ಇತ್ತು, ಅಷ್ಟೇ ವ್ಯತ್ಯಾಸ.

ಏಳು ಸಾವಿರದ ಎಂಬತ್ತೈದನ್ನು ಆಕೆ ಮತ್ತೊಮ್ಮೆ ತಟ್ಟಿದಳು. ಒಳಗಿನಿಂದ ಮೂರು ಇಂಗ್ಲಿಷ್ ಅಕ್ಷರ, ಅವುಗಳ ಮುಂದೆ ಒಂದು ಸಂಖ್ಯೆ ಬಂತು. ಆರ್, ಎಫ್, ಬಿ. ದೂರದಲ್ಲಿ ಕುಳಿತು ಇನ್ನೊಂದು ಕಂಪ್ಯೂಟರಿನ ಪರದೆ ನೋಡುವ, ಅದರ ಮೌಸು ಕೀಲಿಮಣೆ ಎರಡನ್ನೂ ಆಡಿಸುವ ತಂತ್ರಾಂಶದ ಗುರುತು ಅದು. ಯಾರೋ ಅದನ್ನು ಸರ್ವರಿನಲ್ಲಿ ಹಾಕಿದ್ದರು. ಸುಲಭವಾಗಿ ಕಣ್ಣಿಗೆ ಬೀಳದಿರಲೆಂದು ಪೋರ್ಟಿನ ಸಂಖ್ಯೆಯನ್ನೂ ಬದಲಿಸಿದ್ದರು.

ನಿನ್ನೆಯಿಂದ ಅವರಿಬ್ಬರನ್ನೂ ಕಾಡುತ್ತಿದ್ದ ಒಂದು ಗಂಟು ಇದರಿಂದ ಸಡಿಲವಾಯಿತು. ದಾಖಲೆ ತಿದ್ದಿದ ಸಂಜೆ ವಿದ್ಯಾಳ ಹೆಸರಿನಲ್ಲಿ ಒಳಗೆ ಬಂದವರು ಲ್ಯಾಬಿನ ಕಂಪ್ಯೂಟರಿನಿಂದ ಬಂದಿರಲಿಲ್ಲ. ಸರ್ವರಿನ ಮುಂದೆಯೇ ಕುಳಿತು ಬಂದಿದ್ದರು ಎಂದು ಸರ್ವರಿನ ನೋಂದಣಿ ತೋರಿಸುತ್ತಿತ್ತು. ಆದರೆ ಸರ್ವರಿನ ಕೋಣೆಗೆ ಬೀಗ ಇತ್ತು. ಬೀಗದ ಕೈ ಸಿಸ್ಟಮ್ ನೋಡಿಕೊಳ್ಳುವ ಶಶಿಕಾಂತನ ಹತ್ತಿರ ಮಾತ್ರ ಇತ್ತು.

ಈಗ ನೋಡಿದರೆ ಬೀಗ ತೆಗೆಯುವ ಅಗತ್ಯವೇ ಇರಲಿಲ್ಲ. ಎಲ್ಲೋ ಕುಳಿತವರು ಸರ್ವರಿನ ಮುಂದೆ ಕುಳಿತ ಹಾಗೆ ಕೆಲಸ ಮಾಡಬಹುದಾಗಿತ್ತು.

ಇಬ್ಬರೂ ಕೆಳಗೆ ಹೋಗಿ ಚಹಾ ಕುಡಿದು ಬಂದರು. ಕಂಡದ್ದನ್ನು ಎರಡು ಸಲ ನೋಡದೆ ಬರೆಯುವ ರೂಢಿ ಕರುಣಾಳಿಗೆ ಇರಲಿಲ್ಲ. ಮತ್ತೆ ಪರೀಕ್ಷೆ ಓಡಿಸಿದಳು. ಸಾಲುಗಳು ಅದೇ ಕ್ರಮದಲ್ಲಿ ಬಂದವು. ಐವತ್ತಮೂರು ಇತ್ತು, ಎಂಬತ್ತೆಂಟು ಇತ್ತು, ಉಳಿದವೂ ಇದ್ದವು.

ಏಳು ಸಾವಿರದ ಎಂಬತ್ತೈದು ಮುಚ್ಚಿತ್ತು.

ರಾಜರತ್ನ ಎದ್ದು ನಿಂತರು. ಈ ಪರೀಕ್ಷೆ ನಡೆಯುವುದು ಆಸ್ಪತ್ರೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಡಾ. ಫಕೀರೇಶ ಬೆಳಗಿನಿಂದ ಆಪರೇಷನ್ ಥಿಯೇಟರಿನಿಂದ ಹೊರಬಂದಿರಲಿಲ್ಲ. ಉಳಿದವನು ಶಶಿಕಾಂತ.

ಆತ ಸರ್ವರಿನ ಕೋಣೆಯಲ್ಲೇ ಸಿಕ್ಕ. ಮೇಲಿನ ಮಹಡಿಯ ಮೂಲೆಯಲ್ಲಿದ್ದ ಆ ಸಣ್ಣ ಕೋಣೆಯಲ್ಲಿ ಏಸಿಯ ಗಾಳಿ ತಣ್ಣಗೆ ಬೀಸುತ್ತಿತ್ತು. ಆದರೂ ಶಶಿಕಾಂತನ ಹಣೆಯ ಮೇಲೆ ಬೆವರಿತ್ತು. ಸುಳ್ಳ ಎಂಬ ಊರಿನಿಂದ ದಿನಾ ಬೈಕಿನಲ್ಲಿ ಬಂದು ಹೋಗುವವ, ಮೂವತ್ತರ ಆಸುಪಾಸು, ನಡೆಯುವಾಗ ಎಡಗಾಲು ತುಸು ಎಳೆಯುತ್ತಿದ್ದ. ಕರುಣಾಳನ್ನು ನೋಡಿ ಎದ್ದು ನಿಂತು ಕುರ್ಚಿ ಸರಿಸಿದ.

ಕರುಣಾ ಕೂರಲಿಲ್ಲ.

“ಶಶಿಕಾಂತ, ಮುಂಜಾನಿ ತೆರೆದಿದ್ದ ಒಂದು ಪೋರ್ಟ್ ಈಗ ಮುಚ್ಚೈತಿ. ಮುಚ್ಚಿದವರು ಯಾರು?”

ಆತ ಮೊದಲು ಸರ್ವರಿನ ಕಡೆ ನೋಡಿದ, ಆಮೇಲೆ ನೆಲ ನೋಡಿದ.

“ನಾನ ಮುಚ್ಚೇನ್ರಿ ಮೇಡಂ.”

“ತೆರೆದವರು?” ರಾಜರತ್ನ ಕೇಳಿದರು.

“ಅದೂ ನಾನರಿ.”

ರಾಜರತ್ನ ಬಾಗಿಲು ಮುಂದೆ ಮಾಡಿ ಅದಕ್ಕೆ ಒರಗಿ ನಿಂತರು. ಇಷ್ಟು ಬೇಗ ಒಪ್ಪಿಕೊಂಡವರು ಒಂದೋ ಪೂರಾ ಹೇಳುತ್ತಾರೆ, ಇಲ್ಲವೇ ದೊಡ್ಡದನ್ನು ಮುಚ್ಚಲು ಸಣ್ಣದನ್ನು ಬಿಟ್ಟುಕೊಡುತ್ತಾರೆ ಎಂಬುದನ್ನು ಅವರು ನೌಕರಿಯಲ್ಲಿ ಕಂಡಿದ್ದರು. ಶಶಿಕಾಂತ ಎರಡರಲ್ಲಿ ಯಾವನು ಎಂದು ಅವರಿಗೆ ತಿಳಿಯಲಿಲ್ಲ. ಅವಸರ ಮಾಡದೆ ಮಾತಾಡಲು ಬಿಟ್ಟರು.

ಹಿಂದಿನ ವರ್ಷ ಕುಸುಗಲ್ ರಸ್ತೆಯಲ್ಲಿ ಆತ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಆಸ್ಪತ್ರೆಯ ಲಿಫ್ಟು ಈ ಮಹಡಿಗೆ ಬರುವುದಿಲ್ಲ. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಮೆಟ್ಟಿಲು ಹತ್ತಲಾಗದೆ, ಕೆಳಗಿನಿಂದಲೇ ಸರ್ವರ್ ನೋಡಿಕೊಳ್ಳಲು ಆ ತಂತ್ರಾಂಶ ಹಾಕಿದ. ಯಾರನ್ನೂ ಕೇಳಲಿಲ್ಲ. ಕಾಲು ಕೂಡಿದ ಮೇಲೂ ತೆಗೆಯಲಿಲ್ಲ. ಅನುಕೂಲವಾಗಿತ್ತು, ಹಾಗೇ ಉಳಿಯಿತು. ಇವತ್ತು ಕರುಣಾ ಈ ಪೋರ್ಟನ್ನೂ ತಟ್ಟಿದ್ದು ಸರ್ವರಿನಲ್ಲಿ ಗೊತ್ತಾದಾಗ ಎದೆ ಹಾರಿ ಅದನ್ನು ನಿಲ್ಲಿಸಿಬಿಟ್ಟಿದ್ದ.

ವಿದ್ಯಾಳ ಗುಪ್ತಪದ ಇನ್ನೊಬ್ಬರಿಗೆ ಹೇಗೆ ಗೊತ್ತಾಗಬಹುದು ಎಂದು ಕರುಣಾ ಕೇಳಿದಳು. ಅದಕ್ಕೂ ಆತನ ಬಳಿ ನಾಚಿಕೆಯ ಉತ್ತರವೇ ಇತ್ತು. ಎಲ್ಲರ ಗುಪ್ತಪದವನ್ನೂ ಆತನೇ ಒಂದೇ ರೀತಿ ಇಟ್ಟುಕೊಟ್ಟಿದ್ದ, ಅವರವರ ಹೆಸರು, ಅದರ ಮುಂದೆ ಆಸ್ಪತ್ರೆಯ ಹೆಸರು. ಬದಲಿಸಿಕೊಳ್ಳಿ ಎಂದು ಹೇಳಿದ್ದ. ಯಾರೂ ಬದಲಿಸಿರಲಿಲ್ಲ.

“ವಿದ್ಯಾನ್ನ ಎಲ್ಲಾರ ಮುಂದ ನಿಲ್ಲಿಸಿ ಬೈಯುವಾಗ ನೀನೂ ಅಲ್ಲೇ ಇದ್ದೆಲ್ಲ?” ಎಂದರು ರಾಜರತ್ನ.

“ಇದ್ನಿರಿ.”

“ಅವಾಗರ ಹೇಳಬೇಕಿತ್ತು.”

ಶಶಿಕಾಂತ ತಲೆ ಎತ್ತಲಿಲ್ಲ. ಆತನ ದನಿ ಬಹಳ ಸಣ್ಣದಾಗಿತ್ತು.

“ಹೇಳಿದ್ರ ನನ್ನ ಮ್ಯಾಲೆ ಬರ್ತಿತ್ತರಿ. ನಾ ಮಾಡಿಲ್ಲ ಅಂದ್ರ ಯಾರ್ ನಂಬತಾರ್ರಿ? ಆ ಸಂಜೀಕ ನಾ ಸುಳ್ಳದಾಗಿದ್ದೆ. ನಮ್ಮ ದೊಡ್ಡಪ್ಪನ ಮನ್ಯಾಗ ಸೀಮಂತ ಇತ್ತು, ಊರ್ ಮಂದಿ ಎಲ್ಲಾ ನೋಡ್ಯಾರ.”

ಸೀಮಂತದ ಮನೆಯನ್ನು ವಿಚಾರಿಸುವುದು ಕಷ್ಟವಲ್ಲ. ರಾಜರತ್ನ ಆ ಕೆಲಸವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು. ಕರುಣಾ ಮಾತ್ರ ಆಗಲೇ ಸರ್ವರಿನ ಮುಂದೆ ಕುಳಿತಿದ್ದಳು. ಆ ತಂತ್ರಾಂಶಕ್ಕೆ ಒಂದು ಒಳ್ಳೆಯ ಗುಣ ಇತ್ತು. ತನ್ನನ್ನು ಯಾರು ಯಾವಾಗ ಕರೆದರು, ಯಾವ ಕಂಪ್ಯೂಟರಿನ ವಿಳಾಸದಿಂದ ಕರೆದರು ಎಂಬುದನ್ನು ಪ್ರತಿ ಸಲವೂ ವಿಂಡೋಸಿಗೆ ವರದಿ ಮಾಡುತ್ತಿತ್ತು. ಹಾಕಿದವನಿಗೂ ಇದು ನೆನಪಿರಲಿಲ್ಲ.

ವರದಿ ತೆರೆಯಿತು. ತಿಂಗಳುಗಟ್ಟಲೆ ಒಂದೇ ವಿಳಾಸ. ಅದರ ಕೊನೆಯ ಸಂಖ್ಯೆ ಇಪ್ಪತ್ತೊಂದು. ಅದು ತನ್ನ ಮೇಜಿನ ಕಂಪ್ಯೂಟರು ಎಂದು ಶಶಿಕಾಂತ ಹೇಳಿದ.

ಕರುಣಾ ಸೃಷ್ಟಿಯ ಹೆರಿಗೆಯಾದ ದಿನಕ್ಕೆ ಬಂದಳು. ಬೆಳಗ್ಗೆ ಇಪ್ಪತ್ತೊಂದು. ಸಂಜೆ ಐವತ್ತೇಳು.

“ಐವತ್ತೇಳು ಯಾವ ಕಂಪ್ಯೂಟರು?”

ಶಶಿಕಾಂತ ಬಾಗಿ ನೋಡಿದ. ಬಹಳ ಹೊತ್ತು ನೋಡಿದ. ಈ ಸಲ ಆತನ ಮುಖದಲ್ಲಿದ್ದದ್ದು ನಾಚಿಕೆಯಲ್ಲ, ಗೊಂದಲ.

“ಅದು ಚಾಲೂನೇ ಇಲ್ರಿ ಮೇಡಂ.”

ಆಸ್ಪತ್ರೆಯ ಹಿಂದೆ ರೋಗಿಗಳ ಸಂಬಂಧಿಕರು ಉಳಿಯಲು ಒಂದು ವಸತಿಗೃಹ ಇತ್ತು. ಮೊದಲು ಅಲ್ಲಿ ಹೆಸರು ಬರೆಸುವ ಕೌಂಟರ್ ಇತ್ತು, ಕೌಂಟರಿಗೆ ಒಂದು ಕಂಪ್ಯೂಟರಿತ್ತು. ಕಾಲು ಮುರಿದಿದ್ದಾಗ ನೆಲಮಟ್ಟದಲ್ಲಿದೆ ಎಂದು ಶಶಿಕಾಂತ ಅಲ್ಲೇ ಕೂರುತ್ತಿದ್ದ. ಸರ್ವರ್ ನೋಡುವ ತಂತ್ರಾಂಶದ ಇನ್ನೊಂದು ತುದಿಯನ್ನು ಅದರಲ್ಲೂ ಹಾಕಿ, ಸಲಸಲಕ್ಕೆ ಬರೆಯುವ ತ್ರಾಸ ಬೇಡವೆಂದು ಗುಪ್ತಪದವನ್ನೂ ಅದರಲ್ಲೇ ಉಳಿಸಿದ್ದ. ಆಮೇಲೆ ಕೌಂಟರು ಮುಖ್ಯ ಗೇಟಿಗೆ ಹೋಯಿತು. ಕಂಪ್ಯೂಟರು ಹಳೆಯದಾಗಿತ್ತು, ಆ ಕೋಣೆಗೆ ಬೀಗ ಹಾಕಿ ಅದನ್ನು ಎಲ್ಲರೂ ಮರೆತಿದ್ದರು.

ಕರುಣಾ ಐವತ್ತೇಳಕ್ಕೆ ಒಂದು ಸಣ್ಣ ಸಂದೇಶ ಕಳಿಸಿದಳು. ಅದು ಜೀವಂತವಾಗಿದ್ದರೆ ಉತ್ತರ ಬರಬೇಕು.

ಉತ್ತರ ಬಂತು. ಕಂಪ್ಯೂಟರು ಈಗಲೂ ಚಾಲೂ ಇತ್ತು.

ಮೂವರೂ ಹಿಂದಿನ ಅಂಗಳ ದಾಟಿದರು. ಬಿಸಿಲು ಏರಿತ್ತು. ಬಾಣಂತಿಯರ ಮನೆಯವರು ಒಗೆದು ಹಾಕಿದ ಬಟ್ಟೆಗಳು ತಂತಿಯ ಮೇಲೆ ಒಣಗುತ್ತಿದ್ದವು. ಒಂದು ಮೂಲೆಯಲ್ಲಿ ಸ್ಟೋವಿನ ಮೇಲೆ ಯಾರೋ ನೀರು ಕಾಯಿಸುತ್ತಿದ್ದರು. ವಸತಿಗೃಹ ನೋಡಿಕೊಳ್ಳುವ ಮಕ್ತುಮಸಾಬ ಹಳೆಯ ಕೌಂಟರಿನ ಕೋಣೆ ಎಂದ ಕೂಡಲೇ ಬೀಗದ ಕೈ ತಂದರು. ಅದರ ಎರಡನೆಯ ಬೀಗದ ಕೈಯನ್ನು ಹಳೆಯ ಹಾಸಿಗೆಗಳನ್ನು ಇಡಬೇಕೆಂದು ಆಸ್ಪತ್ರೆಯವರು ಒಯ್ದಿದ್ದರಂತೆ, ಮರಳಿ ತಂದುಕೊಟ್ಟಿರಲಿಲ್ಲ. ಒಯ್ದವರು ಯಾರೆಂದು ರಾಜರತ್ನ ಕೇಳಿದರು. ತಾವು ನಮಾಜಿಗೆ ಹೋಗಿದ್ದಾಗ ಮೊಳೆಯಿಂದ ತೆಗೆದುಕೊಂಡು ಹೋಗಿದ್ದರು, ವಾರ್ಡಿನಿಂದ ಬಂದಿದ್ದರು ಎಂದು ಆಮೇಲೆ ಯಾರೋ ಹೇಳಿದರು ಎಂದಷ್ಟೇ ಆ ಹಿರಿಯರಿಗೆ ಗೊತ್ತಿತ್ತು.

ಬೀಗದ ಕೈ ಬೇಕಾಗಲಿಲ್ಲ. ಬಾಗಿಲಿಗೆ ಚಿಲಕ ಮಾತ್ರ ಹಾಕಿತ್ತು.

ಒಳಗೆ ಗೋಡೆಯ ಎತ್ತರಕ್ಕೂ ಹಾಸಿಗೆ ಒಟ್ಟಿದ್ದರು. ಅವುಗಳ ಹಿಂದೆ, ಬಾಗಿಲಿನಿಂದ ಕಾಣದ ಕಡೆ, ಮೇಜು. ಮೇಜಿನ ಮೇಲೆಲ್ಲ ಧೂಳಿನ ಹಾಸು. ಕೀಲಿಮಣೆಯ ಮೇಲೆ ಮಾತ್ರ ಧೂಳಿರಲಿಲ್ಲ. ಪರದೆಯ ನಡುವೆ ಒಂದು ಸಣ್ಣ ಸೂಚನೆ ನಿಂತಿತ್ತು: ಸಂಪರ್ಕ ಕಡಿದುಹೋಗಿದೆ.

ಕರುಣಾಳಿಗೆ ಅದರ ಅರ್ಥ ತಕ್ಷಣ ತಿಳಿಯಿತು. ಶಶಿಕಾಂತ ಹೆದರಿ ಪೋರ್ಟ್ ಮುಚ್ಚಿದ ಹೊತ್ತಿಗೆ ಇಲ್ಲಿ ಒಬ್ಬರು ಕುಳಿತಿದ್ದರು. ಇವತ್ತು ಬೆಳಗ್ಗೆ. ತಾನು, ಕಾಕಾ ಕೆಳಗೆ ಚಹಾ ಕುಡಿದು ಬರುವಷ್ಟರಲ್ಲಿ.

ಶಶಿಕಾಂತ ಮೌಸಿಗೆ ಕೈ ಹಾಕಲು ಹೋದ. ರಾಜರತ್ನ ಆತನ ಮಣಿಕಟ್ಟು ಹಿಡಿದು ಮೆಲ್ಲಗೆ ಹಿಂದೆ ಸರಿಸಿದರು. ಕೀಲಿಮಣೆಯ ಮೇಲೆ ಬೆರಳ ಗುರುತುಗಳು ಇರುತ್ತವೆ, ಅವು ಕೆಡಬಾರದು. ನಾನು ಇಲ್ಲೇ ಇರುತ್ತೇನೆ, ನೀವಿಬ್ಬರೂ ಹೋಗಿ ಇಲ್ಲಿ ಕುಳಿತವರು ಇವತ್ತು ಏನು ಮಾಡಿದರು ನೋಡಿರಿ ಎಂದು ಹೇಳಿ, ಮಕ್ತುಮಸಾಬರ ಸ್ಟೂಲನ್ನು ಬಾಗಿಲಿಗೆ ಅಡ್ಡ ಹಾಕಿ ಕುಳಿತರು.

ಶಶಿಕಾಂತನ ಮೇಜಿನ ಕಂಪ್ಯೂಟರಿನಲ್ಲಿ ರಕ್ತನಿಧಿಯ ದಾಖಲೆಗಳು ತೆರೆದವು. ಯಾವ ದಾಖಲೆಯನ್ನು ಯಾರು ತೆರೆದರೂ ಅಲ್ಲಿ ನಮೂದಾಗುತ್ತಿತ್ತು. ಇವತ್ತಿನ ಬೆಳಗಿನ ನಮೂದುಗಳ ನಡುವೆ ವಿದ್ಯಾಳ ಹೆಸರು ಇತ್ತು. ಕೆಲಸದಿಂದ ತೆಗೆದಿದ್ದರೂ ಆಕೆಯ ಹೆಸರನ್ನು ಸರ್ವರಿನಿಂದ ತೆಗೆದಿರಲಿಲ್ಲ.

ತೆರೆದದ್ದು ಸೃಷ್ಟಿಯ ದಾಖಲೆಯಲ್ಲ, ಆಕೆಗೆ ಹುಟ್ಟಿದ ಹೆಣ್ಣು ಕೂಸಿನದು. ತಿದ್ದಲು ತೆರೆದಿದ್ದರು. ಅಷ್ಟರಲ್ಲಿ ಸಂಪರ್ಕ ಕಡಿದು, ತಿದ್ದುವುದು ಆಗಿರಲಿಲ್ಲ. ಕೂಸಿನ ಹೆಸರಿನ ಜಾಗ ಇನ್ನೂ ಖಾಲಿ. ತೂಕ ಬರೆದಿತ್ತು. ರಕ್ತದ ಗುಂಪು: ಎಬಿ.

ಕರುಣಾ ಅದನ್ನು ಓದಿದಳು, ಮತ್ತೆ ಓದಿದಳು. ಏನೋ ಇದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಇದು ಆಕೆಯ ವಿದ್ಯೆಯಲ್ಲ. ಹೇಳಬಲ್ಲವರು ಯಾರು ಎಂದು ಯೋಚಿಸಿ ಉಪ್ಪಿನಬೆಟಗೇರಿಗೆ ಫೋನು ಹಚ್ಚಿದಳು. ಪಕ್ಕದ ಮನೆಯವರು ವಿದ್ಯಾಳನ್ನು ಕರೆತರುವವರೆಗೆ ಕಿವಿಗೆ ಹಿಡಿದು ಕಾದಳು.

ಮೊದಲು ವಿದ್ಯಾಳಿಗೆ ಸಮಾಧಾನದ ಮಾತು ಹೇಳಿದಳು. ತಿದ್ದಿದವರು ಬೇರೆ ಎಂದು ಗೊತ್ತಾಗಿದೆ, ಪುರಾವೆ ಸಿಕ್ಕಿದೆ, ಡಾಕ್ಟರರು ದೂರು ಕೊಡುವುದಿಲ್ಲ. ಆಚೆ ಕಡೆ ವಿದ್ಯಾ ಅಳುತ್ತಿದ್ದಾಳೆ ಎಂದು ಉಸಿರಿನಿಂದ ಗೊತ್ತಾಗುತ್ತಿತ್ತು. ಕರುಣಾ ಆಕೆ ಸುಧಾರಿಸಿಕೊಳ್ಳುವವರೆಗೆ ಬಿಟ್ಟು, ಕೂಸಿನ ರಕ್ತ ಪರೀಕ್ಷೆ ಮಾಡಿದ್ದು ನೀನೇ ಏನು ಎಂದು ಕೇಳಿದಳು.

ಅಲ್ಲ ಎಂದಳು ವಿದ್ಯಾ. ತಾಯಿಯ ಪರೀಕ್ಷೆ ಮಾಡಿ, ‘ಓ’ ಎಂದು ಬರೆದು ಆಕೆ ಬಸ್ಸಿಗೆ ಹೋಗಿದ್ದಳು. ಕೂಸಿನದು ಆಮೇಲಿನ ಪಾಳಿಯವರ ಕೆಲಸ. ಯಾಕೆ, ಏನು ಬಂದಿದೆ ಎಂದು ಆಕೆಯೇ ಕೇಳಿದಳು.

“ಎಬಿ ಅಂತ ಐತಿ.”

ಈಗ ವಿದ್ಯಾಳ ದನಿಯಲ್ಲಿ ಅಳು ಇರಲಿಲ್ಲ.

“ಅಕ್ಕಾರ, ಇನ್ನೊಮ್ಮೆ ನೋಡಿ ಹೇಳ್ರಿ.”

“ಎಬಿನೇ ಐತಿ ವಿದ್ಯಾ.”

“ಹಂಗ ಆಗಾಕ ಬರಂಗಿಲ್ರಿ. ತಾಯಿ ಓ ಇದ್ರ, ತಂದಿದು ಯಾವುದರ ಇರ್ಲಿ, ಎಬಿ ಕೂಸು ಹುಟ್ಟೂದಿಲ್ಲ.”

ಕರುಣಾ ಫೋನು ಕೆಳಗಿಟ್ಟಳು. ಪಕ್ಕದಲ್ಲಿ ಶಶಿಕಾಂತ ಏನಾಯಿತೆಂದು ಕೇಳುತ್ತಿದ್ದ, ಆಕೆಗೆ ಕೇಳಿಸಲಿಲ್ಲ.

ಒಂದು ವಾರದಿಂದ ಎಲ್ಲರೂ ಸೃಷ್ಟಿಯನ್ನು ಕೊಲ್ಲಲು ನೋಡಿದವರು ಯಾರು ಎಂದು ಹುಡುಕುತ್ತಿದ್ದರು. ಕೊಲ್ಲುವ ಯೋಚನೆ ಯಾರಿಗೂ ಇರಲಿಲ್ಲ. ಎಬಿ ಗುಂಪಿನ ಕೂಸಿನ ಪಕ್ಕ ಓ ಗುಂಪಿನ ತಾಯಿ ಇರಬಾರದಿತ್ತು, ಅಷ್ಟೇ. ಅದಕ್ಕೆ ಆ ಸಂಜೆ ತಾಯಿಯ ಗುಂಪನ್ನು ‘ಎ’ ಮಾಡಿದರು. ಅದೇ ರಾತ್ರಿ ಆಕೆಗೆ ರಕ್ತಸ್ರಾವವಾಗುತ್ತದೆ, ತುರ್ತಿನಲ್ಲಿ ಬರೀ ದಾಖಲೆ ನೋಡಿ ರಕ್ತ ಏರಿಸುತ್ತಾರೆ ಎಂದು ತಿದ್ದಿದವರು ಎಣಿಸಿರಲಿಲ್ಲ. ಈಗ ಸೃಷ್ಟಿ ‘ಓ’ ಎಂಬುದು ಇಡೀ ಆಸ್ಪತ್ರೆಗೆ ಗೊತ್ತಾಗಿಹೋಗಿದೆ. ಉಳಿದ ದಾರಿ ಕೂಸಿನ ಗುಂಪು ತಿದ್ದುವುದೊಂದೇ. ಇವತ್ತು ಬೆಳಗ್ಗೆ ಹಾಸಿಗೆಗಳ ಹಿಂದೆ ಕುಳಿತವರು ಬಂದದ್ದು ಅದಕ್ಕೇ. ಅವರು ಯಾರೆಂಬುದನ್ನು ಇನ್ನು ಕೀಲಿಮಣೆಯ ಬೆರಳ ಗುರುತುಗಳೇ ಹೇಳಬೇಕು.

ಇವತ್ತೇ ಯಾಕೆ ಎಂದು ಯೋಚಿಸಿದ ಕೂಡಲೇ ಕರುಣಾ ಎದ್ದಳು. ಸೃಷ್ಟಿಯನ್ನು ಇವತ್ತು ಮನೆಗೆ ಕಳಿಸುತ್ತಾರೆ ಎಂದು ನಿನ್ನೆ ಡಾಕ್ಟರರು ಹೇಳಿದ್ದರು.

ಬಾಣಂತಿಯರ ವಾರ್ಡಿನಲ್ಲಿ ಸಾಂಬ್ರಾಣಿಯ ಹೊಗೆ ತೆಳ್ಳಗೆ ಹರಡಿತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ ಸೃಷ್ಟಿ ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಕಿವಿಗೆ ಅರಳೆ ಇಟ್ಟುಕೊಂಡು ಕುಳಿತಿದ್ದಳು. ಮುಖಕ್ಕೆ ಬಣ್ಣ ಬಂದಿತ್ತು. ಅತ್ತೆ ರುಕ್ಮವ್ವ ಚೀಲಗಳ ಬಾಯಿ ಕಟ್ಟುತ್ತಿದ್ದರು. ಶಿರಗುಪ್ಪಿಯಿಂದ ಬಂದ ಜೀಪು ಗೇಟಿನಲ್ಲಿ ನಿಂತಿದೆ, ಅಖ್ತರಬೇಗಂ ಬಂದು ಕಾಗದ ಕೊಟ್ಟರೆ ಹೊರಡುವುದೇ ಎಂದು ಕರುಣಾಳನ್ನು ನೋಡಿ ಹೇಳಿದರು.

ಕರುಣಾ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಇನ್ನೊಂದು ದಿನ ಇರಬೇಕಾಗುತ್ತದೆ, ಒಂದು ಪರೀಕ್ಷೆ ಬಾಕಿ ಇದೆ ಎನ್ನಬೇಕು. ಅಷ್ಟೇ. ಬೇರೇನೂ ಈಗ ಹೇಳಬಾರದು. ಸುತ್ತಲಿನ ಮಂಚಗಳ ಮೇಲೆ ಬೇರೆ ತಾಯಂದಿರು ಇದ್ದರು, ಅವರ ಮಗ್ಗುಲಲ್ಲಿ ಬೇರೆ ಕೂಸುಗಳು ಇದ್ದವು. ಕೆಲವರು ಆಗಲೇ ಮನೆಗೆ ಹೋಗಿದ್ದರು. ಸೃಷ್ಟಿ ಹೆತ್ತ ಕೂಸು ಈಗ ಯಾರ ಮನೆಯಲ್ಲಿತ್ತು?

ಆಕೆ ಬಾಯಿ ತೆರೆಯುವ ಮೊದಲೇ ಸೃಷ್ಟಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿ ಆಕೆಯ ಕೈಗೆ ಕೊಟ್ಟಳು. ಎದೆಹಾಲು ಕುಡಿದು ಆಗಷ್ಟೇ ಮಲಗಿದ್ದ ಕೂಸು ಬೆಚ್ಚಗಿತ್ತು. ನಿದ್ದೆಯಲ್ಲಿ ಒಮ್ಮೆ ತುಟಿ ಆಡಿಸಿ ಕರುಣಾಳ ಬೆರಳು ಹಿಡಿದುಕೊಂಡಿತು.

“ಅತ್ತಿ ಅವರ ಹಂಗ ಅದಾಳ ಅಂತಾರ, ನಮ್ಮವ್ವ ನನ್ನ ಹಂಗ ಅಂತಾಳ,” ಎಂದು ಸೃಷ್ಟಿ ನಕ್ಕಳು. “ನೀವು ಹೊರಗಿನವ್ರು, ಖರೇ ಹೇಳ್ರಿ ಅಕ್ಕಾರ. ಯಾರ ಹಂಗ ಅದಾಳ್ರಿ?”